ಜ್ವಾಲೆಯನ್ನು ತಣ್ಣಗಿಡುವ ಕೆಲಸ: ನಾಪೋಕ್ಲಿನ ಮನೆಯಿಂದ ಒಂದು ಗ್ಯಾಸ್ ಟರ್ಬೈನಿನ ಟ್ಯೂನಿಂಗ್

ಕೇಂದ್ರ ವಿದ್ಯುತ್ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೆಯ ಕಲಮಿನಡಿ ಆದೇಶ ಹೊರಡಿಸಿ, ಅನಿಲ ಆಧಾರಿತ ಸ್ಥಾವರಗಳು ಮೇ 1ರಿಂದ ಜೂನ್ 30ರವರೆಗೆ ಕರೆ ಬಂದಾಗ ವಿದ್ಯುತ್ ಉತ್ಪಾದಿಸಲು ಸಿದ್ಧವಾಗಿರಬೇಕೆಂದು ಸೂಚಿಸಿತು. ಆಗ ದೇಶದಲ್ಲಿ ಸುಮಾರು 25 ಸಾವಿರ ಮೆಗಾವ್ಯಾಟ್‌ನಷ್ಟು ಅನಿಲ ಸ್ಥಾವರಗಳಿದ್ದರೂ, ಕೃಷ್ಣಾ–ಗೋದಾವರಿ ಕೊಳ್ಳದ ಅನಿಲ ನಿರೀಕ್ಷೆಯಷ್ಟು ಸಿಗದೆ, ಆಮದು ಅನಿಲ ದುಬಾರಿಯಾಗಿ, ಅವುಗಳಲ್ಲಿ ಬಹಳಷ್ಟು ವರ್ಷದ ಹೆಚ್ಚಿನ ಭಾಗ ನಿಂತೇ ಇರುತ್ತಿದ್ದವು. ಹಾಗೆ ಬಹುಕಾಲ ನಿಂತಿದ್ದ, ಪೂರ್ವ ಕರಾವಳಿಯ ಒಂದು ಯಂತ್ರವನ್ನು ಮತ್ತೆ ಉರಿಸಿ, ಅದರ ಚಿಮಣಿಯಿಂದ ಹೊರಬರುವ ನೈಟ್ರೋಜನ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್‌ಗಳನ್ನು ಹತೋಟಿಗೆ ತರುವ ತಂಡದಲ್ಲಿ ನಾನಿದ್ದೆ. ಸ್ಥಾವರದ ಹೆಸರು ಇಲ್ಲಿ ಬೇಡ. ನಾನು ಮಾತ್ರ ಆ ಅವಧಿಯ ಬಹುಭಾಗ ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯಲ್ಲಿಯೇ ಕುಳಿತು ಕೆಲಸ ಮಾಡಿದೆ.

ಯಂತ್ರ 9ಇ ಎಂಬ ಹಳೆಯ ಮಾದರಿಯ ಗ್ಯಾಸ್ ಟರ್ಬೈನ್. ನಿಮಿಷಕ್ಕೆ 3000 ಸುತ್ತು ತಿರುಗುವ, ಗಾಳಿಯನ್ನು ಒತ್ತುವ ಹದಿನೇಳು ಹಂತಗಳ ಕಂಪ್ರೆಸರ್ ಮತ್ತು ಉರಿದ ಅನಿಲದಿಂದ ತಿರುಗುವ ಮೂರು ಹಂತಗಳ ಟರ್ಬೈನ್ ಇರುವ ಈ ಯಂತ್ರದ ಸುತ್ತ ಹದಿನಾಲ್ಕು ದಹನಕೋಣೆಗಳಿವೆ. ಸ್ಥಾವರದವರ ಬಾಯಲ್ಲಿ ಅವು ಕ್ಯಾನ್‌ಗಳು. ಮೊದಲ ತಲೆಮಾರಿನ ಇಂಥ ಯಂತ್ರಗಳಲ್ಲಿ ಅನಿಲವನ್ನು ನೇರವಾಗಿ ಗಾಳಿಯೊಳಕ್ಕೆ ಚಿಮ್ಮಿಸಿ ಉರಿಸುತ್ತಿದ್ದರು. ಅನಿಲವೂ ಗಾಳಿಯೂ ಸಂಧಿಸುವ ಗಡಿಯಲ್ಲಿ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಸುಮಾರು 1500 ಡಿಗ್ರಿಯವರೆಗೆ ತೆಪ್ಪಗಿರುವ ಗಾಳಿಯ ಸಾರಜನಕವು ಅದರಾಚೆಗೆ ಆಮ್ಲಜನಕದೊಡನೆ ಕೂಡತೊಡಗುತ್ತದೆ, ಮತ್ತು ಉಷ್ಣತೆ ಸ್ವಲ್ಪ ಏರಿದರೂ ಈ ಕೂಡಿಕೆ ಹಲವು ಪಟ್ಟು ಹೆಚ್ಚುತ್ತದೆ. ಇದನ್ನು ತಗ್ಗಿಸಲು ಮೊದಲು ಕಂಡುಕೊಂಡ ದಾರಿ ಜ್ವಾಲೆಯ ಮೇಲೆ ನೀರನ್ನೋ ಹಬೆಯನ್ನೋ ಸಿಂಪಡಿಸುವುದು. ಅದಕ್ಕೆ ಖನಿಜಾಂಶ ತೆಗೆದ ಶುದ್ಧ ನೀರು ಟನ್ನುಗಟ್ಟಲೆ ಬೇಕು, ಇಂಧನವೂ ಹೆಚ್ಚು ಬೇಕು. ಆಮೇಲೆ ಬಂದದ್ದು ನೀರಿಲ್ಲದೆಯೇ ತಗ್ಗಿಸುವ ಡಿಎಲ್‌ಎನ್ (ಡ್ರೈ ಲೋ ನಾಕ್ಸ್) ದಹನಕೋಣೆ. ಅನಿಲವನ್ನು ಉರಿಯುವ ಮೊದಲೇ ಹೆಚ್ಚಿನ ಗಾಳಿಯೊಡನೆ ಚೆನ್ನಾಗಿ ಬೆರೆಸಿ, ತೆಳುವಾದ ಮಿಶ್ರಣವನ್ನು ಉರಿಸುವುದು ಇದರ ಕ್ರಮ. ಜ್ವಾಲೆಯ ಎಲ್ಲ ಭಾಗವೂ ಒಂದೇ ಸಮನೆ, 1500–1600 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ.

ಕೇಳಲು ಸರಳ. ಒಲೆಗೆ ಊದುಗೊಳವೆಯಿಂದ ಹದವಾಗಿ ಊದಿದರೆ ಉರಿ ಚೊಕ್ಕವಾಗುತ್ತದೆ, ಒಂದಿಷ್ಟು ಜೋರಾಗಿ ಊದಿದರೆ ಆರಿಯೇ ಹೋಗುತ್ತದೆ. ತೆಳು ಮಿಶ್ರಣದ ಜ್ವಾಲೆ ಸದಾ ಆ ಆರುವ ಗಡಿಯ ಪಕ್ಕದಲ್ಲಿಯೇ ಇರುತ್ತದೆ. ಉಷ್ಣತೆಯನ್ನು ತುಸು ಏರಿಸಿದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ, ತುಸು ಇಳಿಸಿದರೆ ಇಂಗಾಲ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಇನ್ನೂ ಇಳಿಸಿದರೆ ಜ್ವಾಲೆ ಕಂಪಿಸತೊಡಗಿ, ಆ ಒತ್ತಡದ ಬಡಿತಕ್ಕೆ ದಹನಕೋಣೆಯ ಲೋಹವೇ ಸವೆಯುತ್ತದೆ ಅಥವಾ ಬಿರುಕು ಬಿಡುತ್ತದೆ. ಈ ಮೂರರ ನಡುವಿನ ಕಿರಿದಾದ ಪಟ್ಟಿಯಲ್ಲಿ ಯಂತ್ರವನ್ನು ನಿಲ್ಲಿಸುವುದೇ ಟ್ಯೂನಿಂಗ್.

ದೂರದಿಂದ ಇದನ್ನು ಹೇಗೆ ಮಾಡುತ್ತೀರಿ ಎಂದು ಅನೇಕರು ಕೇಳಿದ್ದಾರೆ. ನನ್ನ ಕಂಪ್ಯೂಟರಿನಲ್ಲಿ ಯಂತ್ರದ ಅಂಕಿಗಳು ಕಾಣುತ್ತವೆ, ಆದರೆ ಒಂದನ್ನೂ ಬದಲಿಸುವ ಅಧಿಕಾರ ನನಗಿಲ್ಲ. ಭದ್ರತೆಯ ದೃಷ್ಟಿಯಿಂದ ಹಾಗಿರುವುದೇ ಸರಿ. ಇಂಧನದ ಪಾಲನ್ನು ಬದಲಿಸುವವರು ಸ್ಥಳದಲ್ಲಿರುವ ಇಂಜಿನಿಯರ್. ಈ ಬಾರಿ ಅವರು ಹಾಸನದ ಕಡೆಯ ಯುವಕರಾಗಿದ್ದುದರಿಂದ ನಮ್ಮ ಮಾತೆಲ್ಲ ಕನ್ನಡದಲ್ಲಿಯೇ ನಡೆಯಿತು. ಕೊಡಗಿನಲ್ಲಿ ಮೇ ತಿಂಗಳೆಂದರೆ ಸಂಜೆಯ ಗುಡುಗು ಮಳೆಯ ಕಾಲ. ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟೂ ಇಲ್ಲ, ಇನ್ವರ್ಟರ್ ಮುಗಿದ ಮೇಲೆ ಇಂಟರ್ನೆಟ್ಟೂ ಇಲ್ಲ. ಆದಕಾರಣ ಪ್ರತಿ ಪರೀಕ್ಷೆಗೂ ಮುನ್ನ ನಾವು ಒಂದು ಹಾಳೆಯನ್ನು ಬರೆದು ಒಪ್ಪಿಕೊಳ್ಳುತ್ತಿದ್ದೆವು: ಈ ಹಂತದಲ್ಲಿ ಎಷ್ಟು ಬದಲಾವಣೆ, ಎಷ್ಟು ಹೊತ್ತು ಕಾಯಬೇಕು, ಯಾವ ಅಂಕಿ ದಾಟಿದರೆ ನನ್ನನ್ನು ಕೇಳದೆಯೇ ಹಿಂದಕ್ಕೆ ತರಬೇಕು. ಸಂಪರ್ಕ ಕಡಿದುಹೋದ ಸಂಜೆಗಳಲ್ಲಿ ಅವರು ಆ ಹಾಳೆಯನ್ನೇ ಹಿಡಿದು ಕೆಲಸ ಮುಗಿಸಿದರು. ನನ್ನ ಅಭಿಪ್ರಾಯದಲ್ಲಿ, ಸಂಪರ್ಕ ಎಂದೂ ಕಡಿಯದ ಊರುಗಳಲ್ಲಿಯೂ ಈ ಹಾಳೆ ಇರಬೇಕು.

ಉರಿಸುವ ಮೊದಲು ತೊಳೆಯುವ ಕೆಲಸ. ನಿಂತ ಯಂತ್ರದ ಕಂಪ್ರೆಸರ್ ಅಲಗುಗಳ ಮೇಲೆ ಕಡಲಿನ ಉಪ್ಪೂ ದೂಳೂ ಅಂಟಿರುತ್ತವೆ. ಯಂತ್ರವನ್ನು ನಿಧಾನವಾಗಿ ತಿರುಗಿಸುತ್ತಾ ಮಾರ್ಜಕ ಬೆರೆಸಿದ ನೀರಿನಿಂದ, ಆಮೇಲೆ ಶುದ್ಧ ನೀರಿನಿಂದ ತೊಳೆದು, ಗಾಳಿಯ ಫಿಲ್ಟರುಗಳನ್ನು ಬದಲಿಸಿದರು. ಕೊಳೆಯಾದ ಕಂಪ್ರೆಸರ್ ಕಡಿಮೆ ಗಾಳಿ ಕೊಡುತ್ತದೆ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಅನಿಲ ಬೇಡುತ್ತದೆ. ಇಂಗಾಲದ ಡೈಆಕ್ಸೈಡನ್ನು ಕಡಿಮೆ ಮಾಡಲು ಒಂದು ಹಳೆಯ ಯಂತ್ರದಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಮಾಡಬಹುದಾದದ್ದು ಈ ತೊಳೆಯುವಿಕೆಯೇ, ಆದರೂ ಯಾರ ವರದಿಯಲ್ಲೂ ಅದಕ್ಕೆ ದೊಡ್ಡ ಜಾಗವಿರುವುದಿಲ್ಲ.

ಮೊದಲ ಬಾರಿ ಉರಿಸಿದಾಗ ನನ್ನ ಅಣ್ಣನ ಮಗ ಪಕ್ಕದಲ್ಲಿ ಕುಳಿತಿದ್ದ. ಪೊನ್ನಂಪೇಟೆಯಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಹುಡುಗ. ಡಿಎಲ್‌ಎನ್ ದಹನಕೋಣೆ ಹಂತಹಂತವಾಗಿ ಏರುವುದನ್ನು ಅವನಿಗೆ ತೋರಿಸಬೇಕೆಂದಿತ್ತು. ಪ್ರತಿ ಕೋಣೆಯಲ್ಲೂ ಎರಡು ವಲಯಗಳಿವೆ. ಆರಂಭದಲ್ಲಿ ಅನಿಲವೆಲ್ಲ ಮೊದಲ ವಲಯದ ನಳಿಕೆಗಳಿಗೆ ಹೋಗಿ ಅಲ್ಲಿಯೇ ಉರಿಯುತ್ತದೆ. ಹೊರೆ, ಅಂದರೆ ಯಂತ್ರ ಕೊಡುವ ವಿದ್ಯುತ್ತು, ಏರಿದಂತೆ ಎರಡನೆಯ ವಲಯಕ್ಕೂ ಪಾಲು ಕೊಟ್ಟು ಎರಡೂ ಕಡೆ ಜ್ವಾಲೆ ಇರುವ ‘ಲೀನ್–ಲೀನ್’ ಸ್ಥಿತಿಗೆ ಬರುತ್ತಾರೆ. ಆಮೇಲೆ ಹೊಸಬರನ್ನು ಬೆಚ್ಚಿಬೀಳಿಸುವ ಹಂತ ಬರುತ್ತದೆ: ಮೊದಲ ವಲಯಕ್ಕೆ ಹೋಗುವ ಅನಿಲವನ್ನೆಲ್ಲ ಕಿತ್ತುಕೊಂಡು ಎರಡನೆಯದಕ್ಕೆ ಕೊಟ್ಟು, ಮೊದಲ ಜ್ವಾಲೆಯನ್ನು ಬೇಕೆಂದೇ ಆರಿಸುತ್ತಾರೆ. ಜ್ವಾಲೆಯನ್ನು ನೋಡುವ ಅತಿನೇರಳೆ ಸಂವೇದಕಗಳು ಮೊದಲ ವಲಯ ಕತ್ತಲಾಯಿತೆಂದು ಹೇಳಿದ ಮೇಲೆ ಮಾತ್ರ, ಅನಿಲದ ಸುಮಾರು ಶೇ. ಎಂಬತ್ತು ಪಾಲನ್ನು ಮತ್ತೆ ಮೊದಲ ವಲಯಕ್ಕೆ ಕೊಡುತ್ತಾರೆ. ಈಗ ಅದು ಅಲ್ಲಿ ಉರಿಯುವುದಿಲ್ಲ, ಗಾಳಿಯೊಡನೆ ಬೆರೆತು ಮುಂದೆ ಹೋಗಿ ಎರಡನೆಯ ವಲಯದಲ್ಲಿ ಉರಿಯುತ್ತದೆ. ಇದು ‘ಪ್ರೀಮಿಕ್ಸ್’ ಸ್ಥಿತಿ; ನೈಟ್ರೋಜನ್ ಆಕ್ಸೈಡ್ ಇಳಿಯುವುದು ಇಲ್ಲಿ ಮಾತ್ರ. “ಹಾಗಾದರೆ ಅದಕ್ಕೂ ಮುಂಚಿನದೆಲ್ಲ ಏನು ಚಿಕ್ಕಪ್ಪ, ಲೆಕ್ಕಕ್ಕೇ ಇಲ್ಲವಾ?” ಎಂದು ಅವನು ಕೇಳಿದ. ಈ ಪ್ರಶ್ನೆಯನ್ನು ಅವನು ಅಷ್ಟು ಬೇಗ ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಪೂರ್ಣ ಹೊರೆಯಲ್ಲಿ ಪ್ರೀಮಿಕ್ಸ್ ಸ್ಥಿತಿಗೆ ಬಂದ ಮೇಲೆ ಚಿಮಣಿಯ ಅಂಕಿಗಳು ಬಂದವು. 1999ರ ಜೂನ್ 1ರ ನಂತರ ಆರಂಭವಾದ, 100ರಿಂದ 400 ಮೆಗಾವ್ಯಾಟ್‌ನೊಳಗಿನ ಸ್ಥಾವರ ನೈಸರ್ಗಿಕ ಅನಿಲ ಉರಿಸುವಾಗ ನೈಟ್ರೋಜನ್ ಆಕ್ಸೈಡ್ 75 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 75 ಪಾಲು) ಮೀರಬಾರದೆಂಬುದು ನಮ್ಮ ದೇಶದ ನಿಯಮ. ಅದಕ್ಕಿಂತ ದೊಡ್ಡ ಸ್ಥಾವರಗಳಿಗೆ ಮಿತಿ 50. ನಾವು ಹಾಕಿಕೊಂಡಿದ್ದ ಗುರಿ 25. ಬಂದದ್ದು 34ರ ಆಸುಪಾಸು. ಕಾನೂನಿನ ಮಟ್ಟಿಗೆ ತೊಂದರೆಯಿಲ್ಲ, ಆದರೆ ಇದೇ ದಹನಕೋಣೆಗಳು ಹಿಂದೆ ಇದಕ್ಕಿಂತ ಚೆನ್ನಾಗಿ ನಡೆದಿದ್ದವು.

ಇಂಥ ಹೊತ್ತಿನಲ್ಲಿ ನಾನು ಮೊದಲು ಅನುಮಾನಿಸುವುದು ಯಂತ್ರವನ್ನಲ್ಲ, ಅಳೆಯುವ ಉಪಕರಣವನ್ನು. ಚಿಮಣಿಯ ಅಂಕಿಯನ್ನು ಹಾಗೆಯೇ ಒಪ್ಪುವಂತಿಲ್ಲ. ಹೆಚ್ಚು ಗಾಳಿ ಬೆರೆಸಿದವರಿಗೆಲ್ಲ ಅಂಕಿ ಕಡಿಮೆಯಾಗಿ ಕಾಣುವುದರಿಂದ, ಎಲ್ಲರನ್ನೂ ಒಂದೇ ನೆಲೆಗೆ ತರಲು ಶೇ. 15 ಆಮ್ಲಜನಕಕ್ಕೆ ಸರಿಹೊಂದಿಸುತ್ತಾರೆ. ಒಣ ಅನಿಲದಲ್ಲಿ 40 ಪಿಪಿಎಂ ಇದ್ದು ಆಮ್ಲಜನಕ ಶೇ. 14 ಇದ್ದರೆ, 20.9ರಿಂದ 15 ಕಳೆದ 5.9ನ್ನು, 20.9ರಿಂದ 14 ಕಳೆದ 6.9ರಿಂದ ಭಾಗಿಸಿ, ಅದರಿಂದ 40ನ್ನು ಗುಣಿಸಬೇಕು. ಉತ್ತರ ಸುಮಾರು 34. ಈ ಲೆಕ್ಕದ ಒಂದು ಚೆಂದವೆಂದರೆ, ಮಾದರಿ ಎಳೆಯುವ ಕೊಳವೆಯಲ್ಲಿ ಸೋರಿಕೆಯಿದ್ದು ಹೊರಗಿನ ಗಾಳಿ ಸೇರಿದರೂ ಆಮ್ಲಜನಕದ ಅಂಕಿಯೂ ಜೊತೆಗೇ ಏರಿ ಅಂತಿಮ ಉತ್ತರ ಹೆಚ್ಚುಕಡಿಮೆ ಅದೇ ಬರುತ್ತದೆ. ಆದರೆ ಕೊಳವೆ ತಣ್ಣಗಾಗಿ ಒಳಗೆ ನೀರು ಹನಿದರೆ ಹಾಗಲ್ಲ. ನೈಟ್ರೋಜನ್ ಡೈಆಕ್ಸೈಡ್ ನೀರಿನಲ್ಲಿ ಕರಗುವುದರಿಂದ ಅಷ್ಟು ಪಾಲು ಉಪಕರಣವನ್ನು ತಲುಪುವುದೇ ಇಲ್ಲ, ಇಲ್ಲದ ಶುದ್ಧತೆ ಕಾಗದದ ಮೇಲೆ ಕಾಣಿಸುತ್ತದೆ. ಸ್ಥಳದವರು ಕೊಳವೆಯ ಹೀಟರ್ ನೋಡಿದರು, ಸಿಲಿಂಡರಿನ ಪ್ರಮಾಣಿತ ಅನಿಲ ಹಾಯಿಸಿ ಉಪಕರಣವನ್ನು ಮತ್ತೊಮ್ಮೆ ಹೊಂದಿಸಿದರು. ಅಂಕಿ ಬದಲಾಗಲಿಲ್ಲ. ದೋಷ ಯಂತ್ರದಲ್ಲಿಯೇ ಇತ್ತು.

ಸುಳಿವು ಕೊಟ್ಟದ್ದು ಕಾರ್ಬನ್ ಮಾನಾಕ್ಸೈಡ್. ಮೇಲೆ ಹೇಳಿದಂತೆ ಇವೆರಡು ಸಾಮಾನ್ಯವಾಗಿ ಒಂದು ಏರಿದಾಗ ಇನ್ನೊಂದು ಇಳಿಯುತ್ತವೆ. ಇಲ್ಲಿ ಎರಡೂ ಏರಿದ್ದವು. ಒಂದೇ ಜ್ವಾಲೆ ಒಮ್ಮೆಗೇ ಹೆಚ್ಚು ಬಿಸಿಯೂ ಹೆಚ್ಚು ತಂಪೂ ಆಗಿರಲಾರದು. ಆದ್ದರಿಂದ ಕೆಲವು ಕೋಣೆಗಳು ಬಿಸಿಯಾಗಿಯೂ ಕೆಲವು ತಂಪಾಗಿಯೂ ಉರಿಯುತ್ತಿರಬೇಕು. ನಿಯಂತ್ರಕವು ನೋಡುವುದು ನಿಷ್ಕಾಸದ, ಅಂದರೆ ಉರಿದು ಹೊರಹೋಗುವ ಅನಿಲದ, ಸರಾಸರಿ ಉಷ್ಣತೆಯನ್ನು. ಒಂದು ಕೋಣೆಗೆ ಅನಿಲ ಕಡಿಮೆಯಾದರೆ ಸರಾಸರಿಯನ್ನು ಕಾಯ್ದುಕೊಳ್ಳಲು ಅದು ಉಳಿದ ಕೋಣೆಗಳಿಗೆ ಹೆಚ್ಚು ಕೊಡುತ್ತದೆ. ನೈಟ್ರೋಜನ್ ಆಕ್ಸೈಡ್ ಉಷ್ಣತೆಯೊಡನೆ ನೆಟ್ಟಗೆ ಏರದೆ ಕಡಿದಾಗಿ ಏರುವುದರಿಂದ, ತಂಪು ಕೋಣೆಯಲ್ಲಿ ಕಡಿಮೆಯಾದದ್ದಕ್ಕಿಂತ ಬಿಸಿ ಕೋಣೆಗಳಲ್ಲಿ ಹುಟ್ಟಿದ್ದು ಹೆಚ್ಚಾಗುತ್ತದೆ. ಕಾರ್ಬನ್ ಮಾನಾಕ್ಸೈಡನ್ನು ಆ ಒಂದು ತಂಪು ಕೋಣೆಯೇ ಒದಗಿಸುತ್ತದೆ. ಇಂಥ ಸಂದರ್ಭದಲ್ಲಿ ಇಂಧನದ ಪಾಲನ್ನು ಎಷ್ಟು ಹೊತ್ತು ತಿರುಗಿಸುತ್ತಾ ಕುಳಿತರೂ ಪ್ರಯೋಜನವಿಲ್ಲ.

ಯಾವ ಕೋಣೆ ಎಂದು ಹುಡುಕುವುದು ನನಗೆ ಇಷ್ಟವಾದ ಕೆಲಸ. ನಿಷ್ಕಾಸದ ದಾರಿಯಲ್ಲಿ ವೃತ್ತಾಕಾರವಾಗಿ ಉಷ್ಣತೆ ಅಳೆಯುವ ಇಪ್ಪತ್ತನಾಲ್ಕು ಥರ್ಮೋಕಪಲ್‌ಗಳಿವೆ. ಅವುಗಳಲ್ಲಿ ಒಂದೆಡೆ ತಂಪಿನ ತಗ್ಗು ಕಾಣಿಸಿತು. ಆದರೆ ಆ ತಗ್ಗಿನ ನೇರ ಹಿಂದಿರುವ ಕೋಣೆಯನ್ನು ಬಿಚ್ಚಿದರೆ ಕೆಲಸ ಕೆಟ್ಟಿತು. ಉರಿದ ಅನಿಲವು ಟರ್ಬೈನಿನ ಮೂರು ಹಂತಗಳ ಅಲಗುಗಳನ್ನು ದಾಟುವಾಗ ಸುಳಿಯಾಗಿ ತಿರುಗಿ ಬರುತ್ತದೆ, ಮತ್ತು ಎಷ್ಟು ತಿರುಗುತ್ತದೆ ಎಂಬುದು ಹೊರೆಯ ಮೇಲೆ ನಿಂತಿದೆ. ನಾವು ಮೂರು ಬೇರೆಬೇರೆ ಹೊರೆಗಳಲ್ಲಿ ಯಂತ್ರವನ್ನು ನಿಲ್ಲಿಸಿ ತಗ್ಗು ಎಲ್ಲೆಲ್ಲಿ ಸರಿಯಿತೆಂದು ಗುರುತಿಸಿ, ಪ್ರತಿಯೊಂದನ್ನೂ ಸುಳಿಯ ನಕ್ಷೆಯಿಂದ ಹಿಂದಕ್ಕೆ ತಿರುಗಿಸಿದೆವು. ಮೂರೂ ಗೆರೆಗಳು ಅಕ್ಕಪಕ್ಕದ ಎರಡು ಕೋಣೆಗಳ ಬಳಿ ಕೂಡಿದವು. ಯಂತ್ರ ಆರಿ ತಣ್ಣಗಾದ ಮೇಲೆ ಆ ಎರಡನ್ನು ಮಾತ್ರ ಬಿಚ್ಚಿದರು. ಒಂದರ ಎರಡನೆಯ ವಲಯದ ನಳಿಕೆಯಲ್ಲಿ ಅನಿಲ ಹೊರಬರುವ ಸಣ್ಣ ರಂಧ್ರಗಳು ಕೆಂಪು ದೂಳಿನಿಂದ ಅರ್ಧಂಬರ್ಧ ಮುಚ್ಚಿದ್ದವು. ಅನಿಲವಿಲ್ಲದೆ ನಿಂತಿದ್ದ ಕೊಳವೆಯೊಳಗಿನ ತುಕ್ಕು ಮೊದಲ ಹರಿವಿನೊಡನೆ ಬಂದು ಅಲ್ಲಿ ಕೂತಿತ್ತು. “ಸರ್, ಫೋಟೋ ಕಳಿಸಿದ್ದೀನಿ, ನೋಡಿ” ಎಂದು ಹಾಸನದವರು ಫೋನ್ ಮಾಡಿದಾಗ ಅವರ ದನಿಯಲ್ಲಿ ನನಗಿಂತ ಹೆಚ್ಚು ಖುಷಿಯಿತ್ತು. ನಳಿಕೆಗಳನ್ನು ಬದಲಿಸಿ, ಕೊಳವೆಯನ್ನು ಊದಿ ತೆಗೆದು, ಫಿಲ್ಟರ್ ಹೊಸದು ಹಾಕಿದರು.

ಇಷ್ಟಾದ ಮೇಲೆ ನಿಜವಾದ ಟ್ಯೂನಿಂಗ್ ಬೇಗ ಮುಗಿಯಿತು. ಒತ್ತಡದ ಬಡಿತವನ್ನು ಅಳೆಯುವ ತಾತ್ಕಾಲಿಕ ಸಂವೇದಕಗಳನ್ನು ಕೂರಿಸಿ, ಮೊದಲ ವಲಯದ ಪಾಲನ್ನು ಶೇ. ಎಂಬತ್ತರಿಂದ ಅರ್ಧರ್ಧ ಪ್ರತಿಶತದಂತೆ ಏರಿಸುತ್ತಾ, ಪ್ರತಿ ಹಂತದಲ್ಲೂ ಕಾದು ಬರೆದುಕೊಂಡರು. ಪಾಲು ಏರಿದಂತೆ ನೈಟ್ರೋಜನ್ ಆಕ್ಸೈಡ್ ಇಳಿಯಿತು. ಒಂದು ಮಟ್ಟದಾಚೆ ಇಳಿಕೆ ನಿಂತು ಬಡಿತ ಮಾತ್ರ ಏರಿತು. ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಿಸಿದೆವು. ಅಂಕಿ 25ರೊಳಗೆ ಬಂತು. ಇನ್ನೂ ಒಂದೆರಡು ಪಿಪಿಎಂ ಕಿತ್ತುಕೊಳ್ಳಬಹುದಿತ್ತು. ಆದರೆ ಗಾಳಿಯ ಉಷ್ಣತೆ, ತೇವ, ಅನಿಲದ ಗುಣ ಇವು ಮೂರೂ ದಿನದಿನಕ್ಕೆ ಬದಲಾಗುವಾಗ ಗಡಿಯ ಅಂಚಿನಲ್ಲಿ ನಿಲ್ಲಿಸಿದ ಯಂತ್ರ ಯಾವುದೋ ರಾತ್ರಿ ಮೊದಲ ವಲಯದಲ್ಲಿ ತಾನಾಗಿ ಹೊತ್ತಿಕೊಂಡು ಲೀನ್–ಲೀನ್ ಸ್ಥಿತಿಗೆ ಬಿದ್ದರೆ, ಒಂದು ಗಂಟೆಯಲ್ಲಿಯೇ ವಾರದ ಉಳಿತಾಯ ಕರಗಿಹೋಗುತ್ತದೆ.

ತೇವದ ವಿಷಯದಲ್ಲಿ ಮಳೆನಾಡಿನವರಿಗೆ ಹೇಳಬೇಕಾದ ಮಾತೊಂದಿದೆ. ಗಾಳಿಯಲ್ಲಿನ ನೀರಾವಿ ಜ್ವಾಲೆಯನ್ನು ತಣಿಸುವುದರಿಂದ ಮಳೆಗಾಲದಲ್ಲಿ ನೈಟ್ರೋಜನ್ ಆಕ್ಸೈಡ್ ತಾನಾಗಿಯೇ ಇಳಿಯುತ್ತದೆ. ಅಮೆರಿಕದ ಹಳೆಯ ನಿಯಮವೊಂದರಲ್ಲಿ ಇದಕ್ಕೆಂದೇ ಒಂದು ಸೂತ್ರವಿದೆ. ಬೆರೆಸದೆ ಉರಿಸುವ ಹಳೆಯ ಜ್ವಾಲೆಗಳಿಗೆ ಹೊಂದುವ ಆ ಸೂತ್ರದ ಪ್ರಕಾರ, ಕಿಲೋ ಗಾಳಿಗೆ 20 ಗ್ರಾಂ ನೀರಾವಿ ಇರುವ ಕರಾವಳಿಯ ದಿನದಲ್ಲಿ ಅಳೆದ ಅಂಕಿಯನ್ನು ಪ್ರಮಾಣಿತ ತೇವಕ್ಕೆ ತರಲು ಸುಮಾರು ಶೇ. 30ರಷ್ಟು ಹೆಚ್ಚಿಸಬೇಕಾಗುತ್ತದೆ. ಪ್ರೀಮಿಕ್ಸ್ ಜ್ವಾಲೆಯಲ್ಲಿ ಪರಿಣಾಮ ಇದಕ್ಕಿಂತ ಕಡಿಮೆ. ಆದರೂ ಜುಲೈನಲ್ಲಿ ಅಳೆದು ತೃಪ್ತಿಪಟ್ಟ ಸ್ಥಾವರವು ಚಳಿಗಾಲದ ಒಣ ಬೆಳಗಿನಲ್ಲಿ ಮತ್ತೊಮ್ಮೆ ಅಳೆಯದಿದ್ದರೆ ಆ ತೃಪ್ತಿಗೆ ಅರ್ಥವಿಲ್ಲ.

ಅಣ್ಣನ ಮಗ ಇನ್ನೊಂದು ದಿನ ಇನ್ನೊಂದು ಪ್ರಶ್ನೆ ತಂದ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ನಮ್ಮ ಘಟ್ಟದ ಕೆಳಗೇ ಹಾದುಹೋಗುವಾಗ, ಕೊಡಗಿನಲ್ಲಿಯೇ ಒಂದು ಸಣ್ಣ ಟರ್ಬೈನ್ ಏಕೆ ಇಡಬಾರದು? ಕಾರಣಗಳು ಹಲವು, ಆದರೆ ಯಂತ್ರದ ಕಡೆಯಿಂದ ಒಂದೇ ಸಾಕು. ಈ ಯಂತ್ರಗಳ ಸಾಮರ್ಥ್ಯವನ್ನು ಹೇಳುವುದು ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಎಂಟನೆಯ ಒಂದು ಪಾಲಿನಷ್ಟು ಕಡಿಮೆ. ಉತ್ಪಾದನೆಯೂ ಅಷ್ಟೇ ಕಡಿಮೆಯಾಗುತ್ತದೆ. ಪಕ್ಕದ ತೋಟದ ಹಿರಿಯರು ಇದನ್ನು ಕೇಳುತ್ತಾ ನಿಂತಿದ್ದರು. ಮೈಸೂರು–ಕೋಝಿಕ್ಕೋಡ್ 400 ಕಿಲೋವೋಲ್ಟ್ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಮರ ಕಡಿದದ್ದನ್ನು ಅವರು ಇನ್ನೂ ಮರೆತಿಲ್ಲ. “ಯಂತ್ರ ಅಲ್ಲೇ ಇರಲಪ್ಪ, ತಂತಿಯೇ ನಮಗೆ ಸಾಕಾಗಿದೆ” ಎಂದರು.

ಈಗ, ಪ್ರೀಮಿಕ್ಸ್‌ಗೆ ಮುಂಚಿನದು ಲೆಕ್ಕಕ್ಕಿಲ್ಲವೇ ಎಂಬ ಹುಡುಗನ ಮೊದಲ ಪ್ರಶ್ನೆಗೆ. ಹಗಲಿನಲ್ಲಿ ಸೌರ ವಿದ್ಯುತ್ ಹೇರಳವಾಗಿರುವುದರಿಂದ ಅನಿಲ ಯಂತ್ರಕ್ಕೆ ಕರೆ ಬರುವುದು ಸೂರ್ಯ ಮುಳುಗಿದ ಮೇಲೆ. ಸಂಜೆ ಹೊತ್ತಿಸು, ಅರ್ಧ ಹೊರೆಯಲ್ಲಿ ಇರು, ಎರಡು ಗಂಟೆ ಪೂರ್ಣ ಕೊಡು, ಮತ್ತೆ ಇಳಿ, ಹೀಗೆ. ಅರ್ಧ ಹೊರೆಯಲ್ಲಿ ಈ ಯಂತ್ರ ಪ್ರೀಮಿಕ್ಸ್‌ನಲ್ಲಿ ನಿಲ್ಲುತ್ತಿರಲಿಲ್ಲ. ಲೀನ್–ಲೀನ್‌ನಲ್ಲಿ ಪ್ರತಿ ಯೂನಿಟ್ಟಿಗೆ ಹೊರಬೀಳುವ ನೈಟ್ರೋಜನ್ ಆಕ್ಸೈಡ್ ಹಲವು ಪಟ್ಟು. ನಾವು ಕಷ್ಟಪಟ್ಟು ಇಳಿಸಿದ ಒಂಬತ್ತು ಪಿಪಿಎಂ ಪೂರ್ಣ ಹೊರೆಯ ಗಂಟೆಗಳಿಗೆ ಮಾತ್ರ ಸೇರಿದ್ದು. ಉಳಿದ ಗಂಟೆಗಳ ಲೆಕ್ಕವನ್ನು ಬರೆಯುವುದು, ಯಾವ ಸ್ಥಾವರ ಯಾವಾಗ ಎಷ್ಟು ವಿದ್ಯುತ್ ಕೊಡಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದ ಸೂಚನೆ. ಯಂತ್ರದ ದಾಖಲೆಯಿಂದ ಪ್ರತಿ ನಿಮಿಷದ ಸ್ಥಿತಿಯನ್ನು ತೆಗೆದು ಕೂಡಿಸಿ ನೋಡಿದಾಗ, ಲೀನ್–ಲೀನ್‌ನಲ್ಲಿ ಕಳೆದ ಕಡಿಮೆ ಹೊತ್ತೇ ಒಟ್ಟು ಹೊರಸೂಸುವಿಕೆಯ ದೊಡ್ಡ ಪಾಲನ್ನು ತಿಂದಿರುವುದು ಕಂಡಿತು.

ಇದಕ್ಕೆ ಯಂತ್ರದಲ್ಲಿಯೇ ಒಂದು ಉಪಾಯವಿದೆ. ಕಂಪ್ರೆಸರ್ ಬಾಯಿಯ ತಿರುಗುವ ರೆಕ್ಕೆಗಳನ್ನು ಹೆಚ್ಚು ಮುಚ್ಚಿ ಗಾಳಿಯನ್ನು ಕಡಿಮೆ ಮಾಡಿದರೆ, ಕಡಿಮೆ ಅನಿಲದಲ್ಲಿಯೂ ಮಿಶ್ರಣ ಹದವಾಗಿ ಉಳಿಯುತ್ತದೆ. ಹಾಗೆ ಮುಚ್ಚಿದಾಗ ಕಂಪ್ರೆಸರ್ ಉಸಿರುಕಟ್ಟದಂತೆ, ಅದರ ಕೊನೆಯಿಂದ ಸ್ವಲ್ಪ ಬಿಸಿ ಗಾಳಿಯನ್ನು ತೆಗೆದು ಬಾಯಿಗೆ ಮರಳಿಸುತ್ತಾರೆ. ಈ ವ್ಯವಸ್ಥೆ ಇದ್ದಾಗ ಪ್ರೀಮಿಕ್ಸ್ ಸ್ಥಿತಿ ಸುಮಾರು ಅರ್ಧ ಹೊರೆಯವರೆಗೆ ಇಳಿಯುತ್ತದೆ, ಇಲ್ಲದಿದ್ದರೆ ಶೇ. ಎಪ್ಪತ್ತರ ಆಸುಪಾಸಿನಲ್ಲಿಯೇ ಕೈಬಿಡುತ್ತದೆ. ಸ್ಥಾವರದಲ್ಲಿ ಇದಕ್ಕೆ ಬೇಕಾದ ಕವಾಟವಿತ್ತು, ಆದರೆ ಹಿಂದೆಂದೋ ಸಿಕ್ಕಿಕೊಂಡದ್ದನ್ನು ಮುಚ್ಚಿಯೇ ಬಿಟ್ಟಿದ್ದರು. ಬಿಸಿ ಗಾಳಿಯನ್ನು ಹೀಗೆ ತಿರುಗಿಸಿದರೆ ದಕ್ಷತೆ ಸ್ವಲ್ಪ ಇಳಿದು ಇಂಗಾಲದ ಡೈಆಕ್ಸೈಡ್ ಯೂನಿಟ್ಟಿಗೆ ಸ್ವಲ್ಪ ಏರುತ್ತದೆ ಎಂಬುದನ್ನೂ ವರದಿಯಲ್ಲಿ ಬರೆದೆ. ಒಂದನ್ನು ಇಳಿಸಿ ಇನ್ನೊಂದನ್ನು ಬಚ್ಚಿಡುವ ವರದಿಗಳು ಬೇಕಾದಷ್ಟಿವೆ.

ಸ್ಥಾವರದವರು ಹೈಡ್ರೋಜನ್ ಬೆರೆಸುವ ಬಗ್ಗೆಯೂ ಕೇಳಿದ್ದರು. ಹೈಡ್ರೋಜನ್ ಹಗುರವಾದ ಅನಿಲ. ಅದೇ ಗಾತ್ರದ ನೈಸರ್ಗಿಕ ಅನಿಲದ ಮೂರನೆಯ ಒಂದು ಪಾಲಿನಷ್ಟೂ ಶಾಖ ಕೊಡುವುದಿಲ್ಲ. ಹೀಗಾಗಿ ಗಾತ್ರದಲ್ಲಿ ಶೇ. 30 ಬೆರೆಸಿದರೂ ಇಂಗಾಲದ ಡೈಆಕ್ಸೈಡ್ ಇಳಿಯುವುದು ಶೇ. 11ರ ಸುಮಾರು ಮಾತ್ರ. ಅದರ ಜ್ವಾಲೆ ವೇಗವಾಗಿ ಹಿಂದಕ್ಕೆ ಓಡುವುದರಿಂದ, ಆರಿರಬೇಕಾದ ಮೊದಲ ವಲಯದಲ್ಲಿ ಹೊತ್ತಿಕೊಳ್ಳುವ ಅಪಾಯ ಈ ಹಳೆಯ ಕೋಣೆಗಳಿಗೆ ಇನ್ನೂ ಹೆಚ್ಚು. ಈಗಿರುವ ನಳಿಕೆಗಳೊಡನೆ ಬೇಡವೆಂದು ಬರೆದೆ.

ಜೂನ್ ಕೊನೆಯಲ್ಲಿ ಕೊಟ್ಟ ವರದಿಯಲ್ಲಿ ಎರಡು ಕೋಷ್ಟಕಗಳಿದ್ದವು: ಒಂದು ಪೂರ್ಣ ಹೊರೆಯದು, ಇನ್ನೊಂದು ಇಡೀ ಅವಧಿಯ ನಿಮಿಷನಿಮಿಷದ ಮೊತ್ತ. ನಿಯಮದಂತೆ ಮೇಲಕ್ಕೆ ಹೋಗುವುದು ಮೊದಲನೆಯದು ಸಾಕು ಎಂದು ಸ್ಥಾವರದ ವ್ಯವಸ್ಥಾಪಕರು ಹೇಳಿದರು, ಎರಡನೆಯದನ್ನು ತಮ್ಮಲ್ಲಿ ಇರಿಸಿಕೊಂಡರು. ಸಿಕ್ಕಿಕೊಂಡಿದ್ದ ಕವಾಟವನ್ನು ಬಿಚ್ಚಿ ದುರಸ್ತಿಗೆ ಕಳಿಸಲು ಒಪ್ಪಿದರು. ಚಳಿಗಾಲದ ಅಳತೆಗೆ ಯಂತ್ರವನ್ನು ಉರಿಸುವುದೋ ಇಲ್ಲವೋ ಎಂಬುದು ಅನಿಲದ ಬೆಲೆಯ ಮೇಲೆ ನಿಂತಿದೆ ಎಂದರು. ಉರಿಸುವುದಾದರೆ ಬೇಕಾಗುವ ಪರೀಕ್ಷೆಯ ಹಾಳೆಯನ್ನು ಹಾಸನದವರಿಗೆ ಆಗಲೇ ಕಳಿಸಿದ್ದೇನೆ.